ಹಿಲ್ಮಾಳ ನೀರಿನ ಸರದಿ

ಫೀನಿಕ್ಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಹಿಲ್ಮಾ ಟ್ವೇಟ್ ತನ್ನದೇ ಅಂಗಳದ ಕಿತ್ತಳೆಹಣ್ಣನ್ನು ತಿನ್ನಲಿಲ್ಲ. ಜನವರಿಯಲ್ಲಿ ಮರದ ತುಂಬ ಹಣ್ಣು ತೂಗುತ್ತಿದ್ದರೆ ಅದರಲ್ಲಿ ಏನೋ ಮೋಸವಿರಬೇಕು ಎಂದು ಅವಳ ಎಣಿಕೆ. ಅವಳು ಹುಟ್ಟಿ ಬೆಳೆದ ಉತ್ತರ ಡಕೋಟದಲ್ಲಿ ಜನವರಿ ಎಂದರೆ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುವ ತಿಂಗಳು. ಗಂಡ ನೆಲ್ಸ್ ಒಂದು ಹಣ್ಣು ಸುಲಿದು ತಿಂದ. ಅವಳು ಸಂಜೆಯವರೆಗೂ ಅವನ ಮುಖವನ್ನೇ ನೋಡುತ್ತ ಕೂತಳು. ಅವನಿಗೇನೂ ಆಗಲಿಲ್ಲ. ಮಾರನೆಯ ದಿನ ಖಾತ್ರಿಗೆಂದು ಇನ್ನೊಂದು ತಿನ್ನಿಸಿದಳು.

ಇದನ್ನು ನನಗೆ ಹೇಳಿದವನು ನೆಲ್ಸನೇ. ಅವರ ಮನೆಯ ಎದುರುಮನೆ ನನ್ನದು. ನಾನು ಶಾಲೆಯ ಬಸ್ಸು ಓಡಿಸುತ್ತೇನೆ. ಬೇಸಿಗೆಯಲ್ಲಿ ಶಾಲೆಗೆ ರಜೆ, ಆದ್ದರಿಂದ ಎಲ್ಲರೂ ಬಾಗಿಲು ಹಾಕಿಕೊಂಡು ಕೂರುವ ಆ ತಿಂಗಳುಗಳಲ್ಲಿ ಬೀದಿಯ ಮೇಲೆ ಕಣ್ಣಿಡಲು ನನಗೆ ಬೇಕಾದಷ್ಟು ಹೊತ್ತು. ಆದರೆ ಕಣ್ಣಿಡುವ ವಿಷಯದಲ್ಲಿ ಹಿಲ್ಮಾಳ ಮುಂದೆ ನಾನು ಏನೂ ಅಲ್ಲ.

ಅವರು ಬಂದದ್ದು ನೆಲ್ಸನ ಎದೆಗೂಡಿನ ಸಲುವಾಗಿ. ಊರಿನ ಧಾನ್ಯದ ಕಣಜದಲ್ಲಿ ಬಹಳ ವರ್ಷ ದುಡಿದು ಅವನ ಶ್ವಾಸಕೋಶದಲ್ಲಿ ಗೋಧಿಯ ದೂಳು ತುಂಬಿತ್ತು. ಒಣಹವೆಯ ಕಡೆ ಹೋಗಿ ಎಂದು ವೈದ್ಯರು ಹೇಳಿದರು. ಇಲ್ಲಿ ಬಂದಮೇಲೆ ನಿಜಕ್ಕೂ ಚೇತರಿಸಿಕೊಂಡ. ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ನಡೆದು ಬರುತ್ತಿದ್ದ, ಹಿತ್ತಲಿನ ಮೂಲೆಯಲ್ಲಿ ಒಂದು ಚಕೋತದ ಸಸಿ ನೆಟ್ಟ, ಶಿಳ್ಳೆ ಹಾಕಲು ಕಲಿತ. ಹಿಲ್ಮಾಳ ಬೆರಳಿನ ಗಂಟುಗಳ ನೋವೂ ಇಳಿದು ಹೋಯಿತು. ಆದರೆ ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ.

"ಈ ಊರು ಸುಮ್ಸುಮ್ನೆ ಒಳ್ಳೇದು ಮಾಡಲ್ಲ ಮಾರ್ಲಾ," ಎನ್ನುತ್ತಿದ್ದಳು ನನಗೆ. "ದಿನಾ ಬಿಸಿಲು, ದಿನಾ ನೀಲಿ ಆಕಾಶ. ಹಲ್ಲು ಕಿರಿದುಕೊಂಡೇ ಮಾತಾಡೋರನ್ನ ನಾನು ಹತ್ತಿರ ಸೇರಿಸಲ್ಲ."

ಆರನೆಯ ಬೇಸಿಗೆಯ ಕೊನೆಯಲ್ಲಿ ದಕ್ಷಿಣದಿಂದ ದೂಳಿನ ಗೋಡೆ ಎದ್ದು ಬಂತು. ಅಂಥವು ಪ್ರತಿ ವರ್ಷ ಬರುತ್ತವೆ. ನಾವು ಕಿಟಕಿ ಮುಚ್ಚಿ ಸುಮ್ಮನಾಗುತ್ತೇವೆ. ನೆಲ್ಸ್ ಆ ಹೊತ್ತಿನಲ್ಲಿ ಕಾಲುವೆಯ ದಂಡೆಯ ಮೇಲಿದ್ದ. ಮೂರು ವಾರದ ಮೇಲೆ ಜ್ವರ ಶುರುವಾಯಿತು. ಈ ಕಣಿವೆಯ ಮಣ್ಣಿನಲ್ಲೇ ಇರುವ ಒಂದು ಬೂಷ್ಟು ದೂಳಿನ ಜೊತೆ ಎದೆಗೆ ಇಳಿದಿದೆ ಎಂದರು ವೈದ್ಯರು. ಬಹಳ ಜನಕ್ಕೆ ಅದು ನೆಗಡಿಯ ಹಾಗೆ ಬಂದು ಹೋಗುತ್ತದೆ. ನೆಲ್ಸನಿಗೆ ಹೋಗಲಿಲ್ಲ. ವಸಂತ ಮುಗಿಯುವಷ್ಟರಲ್ಲಿ ಅವನು ತೀರಿಕೊಂಡ.

ಮಣ್ಣು ಮಾಡಿ ಬಂದ ಸಂಜೆ ಹಿಲ್ಮಾ ಅಳಲಿಲ್ಲ. ಅಂಗಳದಲ್ಲಿ ನಿಂತು ನೆಲವನ್ನು ನೋಡುತ್ತ, "ನಾನು ಅವತ್ತೇ ಅಂದಿದ್ದೆ," ಎಂದಳು. ಅಷ್ಟೇ.

ಭಾನುವಾರಗಳಂದು ಅವಳ ತಂಗಿ ಆರ್ಡಿಸ್ ಡಕೋಟದಿಂದ ಫೋನು ಮಾಡುತ್ತಾಳೆ. ಹಿಲ್ಮಾಳಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಜೋರಾಗಿಟ್ಟುಕೊಳ್ಳುತ್ತಾಳೆ, ನಾನು ಅಲ್ಲಿದ್ದರೆ ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತದೆ.

"ವಾಪಸ್ ಬಂದ್ಬಿಡೆ. ಆ ಕಾದ ಕಾವಲಿ ಮೇಲೆ ಇನ್ನೂ ಯಾಕೆ ಕೂತಿದೀಯ?"

"ನಿನಗೆ ಹಿಮ ಎತ್ತೋಕೆ ಜನ ಬೇಕು, ಅದಕ್ಕೆ ಕರೀತಿದೀಯ."

"ಆಯ್ತು ತಾಯಿ, ಅಲ್ಲಿ ನಿನಗಿರೋ ಸುಖ ಏನು ಹೇಳು ನೋಡೋಣ."

ಹಿಲ್ಮಾ ಯೋಚಿಸಿ ಹೇಳುತ್ತಿದ್ದಳು. ಬೆರಳು ನೋಯಲ್ಲ. ಚಳಿಗಾಲ ಪೂರ್ತಿ ಹೊರಗೆ ಕೂತು ಊಟ ಮಾಡಬಹುದು. ನೆಲದ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳೋ ಭಯ ಇಲ್ಲ. ಮಳೆ ಬರೋ ಮುಂಚೆ ಬಯಲಿನ ಕಡೆಯಿಂದ ಒಂದು ವಾಸನೆ ಬರುತ್ತೆ, ಆ ವಾಸನೆ ನಿಮ್ಮ ಕಡೆ ಇಲ್ಲ. ಇಷ್ಟು ಹೇಳಿದ ಮೇಲೆ ತಾನೇ ಹೆಚ್ಚು ಹೊಗಳಿಬಿಟ್ಟೆನೆಂಬ ಅನುಮಾನದಿಂದ ತಕ್ಷಣ ಇನ್ನೊಂದು ಕಡೆಗೆ ಹೊರಳುತ್ತಿದ್ದಳು. ಕಾರಿನ ಸ್ಟಿಯರಿಂಗ್ ಮುಟ್ಟಿದ್ರೆ ಕೈ ಸುಡುತ್ತೆ. ತಣ್ಣೀರಿನ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ. ಲಕ್ಷಾಂತರ ಜನ ಇದಾರೆ, ಮೇ ತಿಂಗಳಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಲ್ಲ. ಗ್ಯಾರೇಜಿನ ಬಾಗಿಲು ಎದ್ದೇಳುತ್ತೆ, ಕಾರು ಒಳಗೆ ಹೋಗುತ್ತೆ, ಬಾಗಿಲು ಬೀಳುತ್ತೆ. ಒಳಗೆ ಹೋದೋರು ಯಾರು, ಏನು ಮಾಡ್ತಾರೆ, ದೇವರೇ ಬಲ್ಲ.

"ಹಾಗಿದ್ರೆ ಬಾ ಅಂತಾನೇ ನಾನೂ ಹೇಳ್ತಿರೋದು."

"ಯೋಚನೆ ಮಾಡ್ತೀನಿ," ಎಂದು ಫೋನು ಇಡುತ್ತಿದ್ದಳು. ಯೋಚನೆಯನ್ನೇನೋ ಮಾಡುತ್ತಿದ್ದಳು, ಆದರೆ ತಂಗಿ ಇಷ್ಟೊಂದು ಕರೆಯುತ್ತಿರುವುದು ಏಕೆ ಎಂಬುದರ ಬಗ್ಗೆ.

ನೆಲ್ಸ್ ಹೋದ ಮರುವರ್ಷ ಹಿಲ್ಮಾಳ ಪಕ್ಕದ ಮನೆಗೆ ಎಸೆಕಿಯೆಲ್ ಬರಾಸಾ ಬಂದ. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಇಡೀ ಜೀವನ ಇದೇ ಊರಿನ ತಾರಸಿಗಳ ಮೇಲೆ ಕಾದ ಡಾಂಬರು ಹೊಯ್ದು ನಿವೃತ್ತನಾಗಿದ್ದವನು. ಹೆಂಡತಿ ಸತ್ತಿದ್ದಳು, ಮಗಳು ನೋಯೆಮಿ ಟೂಸಾನ್‌ನಲ್ಲಿದ್ದಳು. ಬಂದ ದಿನವೇ ಅವನು ಎಲ್ಲ ಕಿಟಕಿಗಳಿಗೂ ಒಳಗಿನಿಂದ ಬೆಳ್ಳಿಬಣ್ಣದ ಹಾಳೆ ಅಂಟಿಸಿದ. ಬಿಸಿಲು ತಡೆಯಲು ನಮ್ಮಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ. ಹಿಲ್ಮಾ ನನ್ನ ಮನೆಗೆ ಬಂದು ದನಿ ತಗ್ಗಿಸಿ, "ಒಳಗೆ ಏನು ಬಚ್ಚಿಟ್ಟಿದಾನೆ ಅಂತೀಯ?" ಎಂದು ಕೇಳಿದಳು.

"ನೆರಳು," ಎಂದೆ.

"ನಗು ನೀನು," ಎಂದಳು.

ಅವನು ಬಂದ ಮೇಲೆ ನೀರಿನ ತಕರಾರು ಶುರುವಾಯಿತು. ನಮ್ಮದು ಹಳೆಯ ಬಡಾವಣೆ, ಹಿಂದೆ ತೋಟಗಳಿದ್ದ ಜಾಗ. ಈಗಲೂ ಎರಡು ವಾರಕ್ಕೊಮ್ಮೆ ಕಾಲುವೆಯ ನೀರು ನೆಲದಡಿಯ ಕೊಳವೆಯಲ್ಲಿ ಬರುತ್ತದೆ. ಪ್ರತಿ ಹಿತ್ತಲಿಗೂ ಸುತ್ತ ಬದು, ಒಂದು ಮೂಲೆಯಲ್ಲಿ ಕಬ್ಬಿಣದ ಚಕ್ರವಿರುವ ತೂಬು. ನಿಮ್ಮ ಸರದಿ ಬಂದಾಗ ಚಕ್ರ ತಿರುಗಿಸಿ ನೀರು ಬಿಟ್ಟುಕೊಳ್ಳಬೇಕು, ಮುಗಿದ ಕೂಡಲೇ ಬಿಗಿಯಾಗಿ ಮುಚ್ಚಿ ಮುಂದಿನವರಿಗೆ ಬಿಡಬೇಕು. ಬರಾಸಾನ ಸರದಿ ಮೊದಲು, ಅವನ ಹಿಂದೆ ಹಿಲ್ಮಾಳದು. ಅವನು ಬಂದ ಬೇಸಿಗೆಯಿಂದ ಅವಳ ನೀರು ಹಿತ್ತಲಿನ ಮುಕ್ಕಾಲು ಭಾಗಕ್ಕೆ ಬಂದು ನಿಲ್ಲತೊಡಗಿತು. ಕೊನೆಯ ಮೂಲೆಯಲ್ಲಿದ್ದ ನೆಲ್ಸನ ಚಕೋತದ ಬುಡ ಒಣಗಿಯೇ ಉಳಿಯಿತು. ಎಲೆ ಮುದುರಿತು.

ಒಂದು ಬೆಳಿಗ್ಗೆ ಅವಳು ಬಕೆಟ್ಟು ಕವುಚಿ ಅದರ ಮೇಲೆ ಹತ್ತಿ ಗೋಡೆಯಾಚೆ ಇಣುಕಿದಳು. ಅವನ ಹಿತ್ತಲಿನಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಅವನು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ನಾನು ಅವಳ ಬಕೆಟ್ಟು ಹಿಡಿದುಕೊಂಡು ಈಚೆ ನಿಂತಿದ್ದೆ.

"ಮಿಸ್ಟರ್ ಬರಾಸಾ, ಇದು ನನ್ನ ಸರದಿ."

"ಹೌದು ಸೆನೋರಾ. ನಾನು ಮುಚ್ಚಿ ಆಯ್ತು."

"ಮುಚ್ಚಿದ್ರೆ ನಿಮ್ಮ ಅಂಗಳದಲ್ಲಿ ಏನು ಹರೀತಿರೋದು? ನಿಮ್ಮ ಕಾಫೀನಾ?"

"ನೆಲ ತುಂಬಿದ ನೀರು, ಇಂಗೋಕೆ ಹೊತ್ತು ಬೇಡ್ವಾ?"

"ನನ್ನ ಅಂಗಳಕ್ಕೆ ಅರ್ಧ ನೀರೂ ಬರ್ತಿಲ್ಲ."

"ಬರದೇ ಇದ್ರೆ ನೀರನ್ನ ಕೇಳಿ. ನನ್ನನ್ನ ಯಾಕೆ ಕೇಳ್ತೀರಿ?" ಎಂದು ಅವನು ಕುರ್ಚಿಯನ್ನು ಬೇರೆ ಕಡೆಗೆ ತಿರುಗಿಸಿ ಕೂತ.

ಹಿಲ್ಮಾ ಬಕೆಟ್ಟಿನಿಂದ ಇಳಿದಳು. "ನೋಡಿದ್ಯಾ? ಕಳ್ಳನಿಗೆ ಕೋಪ ಬೇಗ ಬರುತ್ತೆ," ಎಂದಳು. ಅವನ ಗೋಡೆ ದಾಟಿ ಚಕ್ರವನ್ನು ತಾನೇ ಮುಚ್ಚುವುದು ಅವಳಿಗೆ ಸಾಧ್ಯವಿರಲಿಲ್ಲ. ಇನ್ನೊಬ್ಬರ ತೂಬು ಮುಟ್ಟುವುದೆಂದರೆ ನಮ್ಮ ಬೀದಿಯಲ್ಲಿ ಇನ್ನೊಬ್ಬರ ಅಡುಗೆಮನೆಗೆ ನುಗ್ಗಿದ ಹಾಗೆ.

ಅಂದಿನಿಂದ ಅವಳು ಅಡುಗೆಮನೆಯ ಕಿಟಕಿಯ ಬಳಿ ಒಂದು ಕುರ್ಚಿ ಹಾಕಿಕೊಂಡಳು. ಬರಾಸಾ ಯಾವಾಗ ಏಳುತ್ತಾನೆ, ಯಾವ ವಾರ ಕಸದ ತೊಟ್ಟಿಯನ್ನು ರಸ್ತೆಗೆ ತಳ್ಳುತ್ತಾನೆ, ಮಗಳ ಕಾರು ಯಾವಾಗ ಬರುತ್ತದೆ, ರೇಡಿಯೋದಲ್ಲಿ ಯಾವ ಹೊತ್ತಿಗೆ ಗಿಟಾರಿನ ಹಾಡು ಹಾಕುತ್ತಾನೆ, ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ಅವನ ಮನೆಯ ತಾರಸಿಯ ಮೇಲಿದ್ದ ಏಸಿ ಪೆಟ್ಟಿಗೆ ಹಳೆಯದು, ಗೊರಗುಟ್ಟುತ್ತಿತ್ತು. ಅದರ ಸದ್ದು ಬದಲಾದರೂ ಅವಳಿಗೆ ತಿಳಿಯುತ್ತಿತ್ತು.

"ಆ ಮುದುಕನನ್ನ ಮದುವೆ ಆಗೋ ಯೋಚನೆ ಇದೆಯಾ?" ಎಂದು ನಾನೊಮ್ಮೆ ರೇಗಿಸಿದೆ.

"ಸಿಕ್ಕಿ ಬೀಳಿಸೋ ಯೋಚನೆ ಇದೆ," ಎಂದಳು.

ಮುಂದಿನ ಜುಲೈ ಬಹಳ ಕೆಟ್ಟದಾಗಿತ್ತು. ವಾರಗಟ್ಟಲೆ ಮಧ್ಯಾಹ್ನದ ಬಿಸಿ ನೂರ ಹದಿನೈದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಹಕ್ಕಿಗಳು ಬಾಯಿ ತೆರೆದುಕೊಂಡು ಗೋಡೆಯ ನೆರಳಿನಲ್ಲಿ ಕೂತಿರುತ್ತಿದ್ದವು. ಒಂದು ಬೆಳಿಗ್ಗೆ ಹಿಲ್ಮಾ ಹುಲ್ಲಿನ ಟೋಪಿ ಹಾಕಿಕೊಂಡು ನನ್ನ ಬಾಗಿಲಿಗೆ ಬಂದಳು. ಬೇಸಿಗೆಯಲ್ಲಿ ಅವಳು ಆ ಹೊತ್ತಿಗೆ ರಸ್ತೆ ದಾಟುವವಳಲ್ಲ.

"ಪೆಟ್ಟಿಗೆ ಸದ್ದು ಮಾಡ್ತಿಲ್ಲ," ಎಂದಳು.

"ಯಾವ ಪೆಟ್ಟಿಗೆ?"

"ಅವನದು. ನಿನ್ನೆ ಮಧ್ಯಾಹ್ನದಿಂದ ಸುಮ್ಮನಿದೆ. ಇವತ್ತು ಕಸದ ದಿನ, ತೊಟ್ಟಿ ಹೊರಗೆ ಬಂದಿಲ್ಲ. ರೇಡಿಯೋ ಇಲ್ಲ."

"ಮಗಳ ಮನೆಗೆ ಹೋಗಿರಬೇಕು."

"ವ್ಯಾನು ಇಲ್ಲೇ ಇದೆ. ಮಗಳ ಕಾರು ಬಂದಿಲ್ಲ. ಏನೋ ಮಸಲತ್ತು ನಡೀತಿದೆ ಮಾರ್ಲಾ. ನಾಳಿದ್ದು ನೀರಿನ ಸರದಿ. ಊರಲ್ಲಿ ಇರ್ಲಿಲ್ಲ, ನನಗೇನೂ ಗೊತ್ತಿಲ್ಲ ಅನ್ನೋಕೆ ಈಗಲೇ ಬಚ್ಚಿಟ್ಟುಕೊಂಡಿದಾನೆ."

ಅವಳು ಹೇಳಿದ ಕಾರಣ ನನಗೆ ನಗು ತರಿಸಿತು. ಆದರೆ ಇಂಥ ದಿನದಲ್ಲಿ ಏಸಿ ನಿಂತ ಮನೆ ಎಂಬ ಮಾತು ನಗು ತರಿಸಲಿಲ್ಲ. ಇಬ್ಬರೂ ಹೋದೆವು. ಬಾಗಿಲು ಬಡಿದೆವು, ಕೂಗಿದೆವು. ಬಾಗಿಲಿನ ಹಿಡಿ ಮುಟ್ಟಲಾಗದಷ್ಟು ಕಾದಿತ್ತು. ಹಿಂದಿನ ಓಣಿಯ ಕಡೆಯಿಂದ ಹಿತ್ತಲಿಗೆ ಹೋದೆವು. ಹಿಲ್ಮಾ ತನ್ನ ತೂಬಿನ ಸ್ಪ್ಯಾನರನ್ನು ಏಪ್ರನ್ನಿನ ಜೇಬಿನಲ್ಲೇ ತಂದಿದ್ದಳು. ನಾನು ಪೊಲೀಸರಿಗೆ ಫೋನು ಮಾಡೋಣ ಎನ್ನುವಷ್ಟರಲ್ಲಿ ಹಿಂಬಾಗಿಲಿನ ಗಾಜನ್ನು ಒಡೆದು ಕೈ ಒಳಗೆ ಹಾಕಿ ಚಿಲಕ ತೆಗೆದಳು.

ಒಳಗೆ ರೊಟ್ಟಿ ಸುಡುವ ಒಲೆಯ ಹಾಗಿತ್ತು. ಬರಾಸಾ ಬಚ್ಚಲಿನ ನೆಲದ ಮೇಲೆ ಗೋಡೆಗೆ ಒರಗಿಕೊಂಡು ಬಿದ್ದಿದ್ದ. ನಲ್ಲಿಯ ನೀರು ಹರಿಯುತ್ತಿತ್ತು, ಅದೂ ಬಿಸಿ. ಚರ್ಮ ಕೆಂಪಗೆ ಒಣಗಿ ಹೋಗಿತ್ತು, ಬೆವರೇ ಇರಲಿಲ್ಲ. ನಾನು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದಾಗ ಹಿಲ್ಮಾ ಅವನ ಫ್ರಿಜ್ಜಿನಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ಟವೆಲಿನಲ್ಲಿ ಸುತ್ತಿ ಅವನ ಕತ್ತಿಗೂ ಕಂಕುಳಿಗೂ ಒತ್ತಿ ಹಿಡಿದಳು. ಅವನು ಅರೆಗಣ್ಣು ತೆರೆದು ಅವಳನ್ನು ನೋಡಿದ.

"ನನ್ನ ಮನೇಲಿ ಏನ್ ಮಾಡ್ತಿದೀರಿ?" ಎಂದು ತೊದಲಿದ.

"ನೋಡ್ತಿದೀನಿ," ಎಂದಳು ಹಿಲ್ಮಾ. "ಮಾತಾಡಬೇಡಿ."

ಆಸ್ಪತ್ರೆಯಲ್ಲಿ ಅವನು ಬಹಳ ದಿನ ಇರಬೇಕಾಯಿತು. ಮಗಳು ನೋಯೆಮಿ ಮರುದಿನ ಬಂದವಳು ಮೊದಲು ನೋಡಿದ್ದು ಒಡೆದ ಗಾಜನ್ನು. ನೇರವಾಗಿ ಹಿಲ್ಮಾಳ ಮನೆಗೆ ಬಂದಳು. ನಾನೂ ಅಲ್ಲಿದ್ದೆ.

"ಅಪ್ಪ ಬಿದ್ದಿದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಪೆಟ್ಟಿಗೆ ಸದ್ದು ನಿಂತಿತ್ತು."

"ಪಕ್ಕದ ಮನೆ ಏಸಿ ಸದ್ದನ್ನ ಕೇಳ್ಕೊಂಡು ಕೂತಿರ್ತೀರಾ ನೀವು?"

"ಹೌದು."

"ಯಾಕೆ?"

"ನಿಮ್ಮಪ್ಪ ನನ್ನ ನೀರು ಕದೀತಾರೆ, ಅದಕ್ಕೆ."

ನೋಯೆಮಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅಪ್ಪನ ಮನೆಗೆ ಹಿಂದಿರುಗಿ ಬೀರುವನ್ನು ಪರೀಕ್ಷಿಸಿ, ಅಮ್ಮನ ಒಡವೆ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮತ್ತೆ ಬಂದು ಥ್ಯಾಂಕ್ಸ್ ಹೇಳಿದಳು. ಹಿಲ್ಮಾಳಿಗೆ ಬೇಸರವಾಗಿರಬಹುದೆಂದು ನಾನಂದುಕೊಂಡೆ. ಅವಳು ತಲೆದೂಗುತ್ತ, "ಪರವಾಗಿಲ್ಲ ಈ ಹುಡುಗಿ. ಬುದ್ಧಿ ಇದೆ," ಎಂದಳು.

ನೀರಿನ ಸರದಿಯ ದಿನ ಹಿಲ್ಮಾ ನೋಯೆಮಿಯ ಅಪ್ಪಣೆ ಕೇಳಿ ಬರಾಸಾನ ಹಿತ್ತಲಿಗೆ ಹೋದಳು. ನೋಯೆಮಿ ಕೈಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತು ಕಾವಲು ಕಾದಳು. ತೂಬಿನ ಚಕ್ರ ಮುಚ್ಚಿದ ಹಾಗೇ ಕಾಣುತ್ತಿತ್ತು. ಹಿಲ್ಮಾ ಸ್ಪ್ಯಾನರ್ ಹಾಕಿ ಬಲವಾಗಿ ಎಳೆದಳು. ಚಕ್ರ ಇನ್ನೂ ಅರ್ಧ ಸುತ್ತು ತಿರುಗಿತು.

ಅಂದು ಅವಳ ಹಿತ್ತಲಿಗೆ ನೀರು ಮೂಲೆಯವರೆಗೂ ಬಂತು. ಚಕೋತದ ಬುಡವನ್ನು ಸುತ್ತಿಕೊಂಡು ಬದುವಿಗೆ ತಾಗಿ ನಿಂತಿತು. ಅವಳು ಚಪ್ಪಲಿ ಬಿಚ್ಚಿ ಆ ನೀರಿನಲ್ಲಿ ಪಾದ ಇಟ್ಟು ಬಹಳ ಹೊತ್ತು ನಿಂತಿದ್ದಳು. ನಾನು ಹೋದಾಗ, "ನಾನು ಹೇಳಿರ್ಲಿಲ್ವಾ?" ಎಂದಳು. ಆದರೆ ಗೆದ್ದವಳ ದನಿಯಲ್ಲ ಅದು. ಕಣ್ಣು ಒದ್ದೆಯಾಗಿತ್ತು. ಬೆವರು ಎಂದಳು.

ಬರಾಸಾ ಮನೆಗೆ ಬಂದ ವಾರ ಅವಳು ತಣ್ಣನೆಯ ಸೌತೆಕಾಯಿ ಸೂಪು ಮಾಡಿಕೊಂಡು ಹೋದಳು. ಒಬ್ಬಳೇ ಹೋಗಲು ಇಷ್ಟವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋದಳು. ಅವನು ಬಟ್ಟಲನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ.

"ನೀವು ಮೊದಲು ಒಂದು ಚಮಚ ಕುಡೀರಿ," ಎಂದ.

ಹಿಲ್ಮಾ ಕುಡಿದಳು. ಅವನು ಕುಡಿದ. ಬಟ್ಟಲು ಅರ್ಧವಾದ ಮೇಲೆ ಹಿಲ್ಮಾ ಸ್ಪ್ಯಾನರನ್ನು ಮೇಜಿನ ಮೇಲಿಟ್ಟಳು.

"ಇನ್ನೂ ಅರ್ಧ ಸುತ್ತು ಬಾಕಿ ಇತ್ತು ಮಿಸ್ಟರ್ ಬರಾಸಾ. ವರ್ಷದಿಂದ."

ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹಳೆಯ ಸುಟ್ಟ ಕಲೆ, ಬೆರಳುಗಳು ಅರ್ಧ ಮಡಿಚಿಕೊಂಡೇ ಇದ್ದವು.

"ಡಾಂಬರು," ಎಂದ. "ಕೆಲಸ ಮಾಡೋವಾಗ ಪರವಾಗಿರ್ಲಿಲ್ಲ. ಈಗ ಎರಡು ವರ್ಷದಿಂದ ಹಿಡಿತ ಇಲ್ಲ. ಚಕ್ರ ತಿರುಗುತ್ತೆ, ಕೊನೇಲಿ ಬಿಗಿ ಮಾಡೋಕೆ ಆಗಲ್ಲ."

"ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ಹಿಲ್ಮಾ ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ," ಎಂದಳು.

"ಮಗಳಿಗೆ ಗೊತ್ತಾದ್ರೆ ಟೂಸಾನ್‌ಗೆ ಎತ್ತಾಕೊಂಡು ಹೋಗ್ತಾಳೆ. ಮೂರನೇ ಮಹಡಿ, ಒಂದು ಬಾಲ್ಕನಿ. ಏಸಿ ಕೆಟ್ಟಾಗ್ಲೂ ಅದಕ್ಕೇ ಫೋನು ಮಾಡ್ಲಿಲ್ಲ. ಬೆಳಿಗ್ಗೆ ರಿಪೇರಿಯೋರನ್ನ ಕರೆದ್ರಾಯ್ತು ಅಂದ್ಕೊಂಡೆ. ಈ ಊರಿನ ಬಿಸಿಲು ನನಗೆ ಹೊಸದಲ್ಲ. ಇಷ್ಟು ವರ್ಷ ಅದರ ತಲೆ ಮೇಲೇ ನಿಂತು ದುಡಿದಿದೀನಿ."

"ಅದಕ್ಕೇ ಅದು ಹೊಂಚು ಹಾಕಿ ಕಾಯ್ತಾ ಇತ್ತು," ಎಂದಳು ಹಿಲ್ಮಾ. "ನನ್ನ ಬೆರಳು ಹಿಚುಕಿ ನೋಡೋಣ."

ಅವನು ಅವಳ ತೋರುಬೆರಳನ್ನು ಆ ಕೈಯಲ್ಲಿ ಹಿಡಿದು ಹಿಚುಕಿದ. ಅವಳು ಕಣ್ಣು ಕಿರಿದು ಮಾಡಿಕೊಂಡು ಅವನ ಮುಖ ನೋಡಿದಳು. ಆಮೇಲೆ ಎದ್ದು ಬಟ್ಟಲು ತೊಳೆದಿಟ್ಟಳು. ರಸ್ತೆಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಬೇಕಂತಲೇ ಮೆಲ್ಲಗೆ ಹಿಚುಕಿದ ಅನ್ಸುತ್ತೆ," ಎಂದಳು.

ಹಾಗಿದ್ದರೂ ಅಂದಿನಿಂದ ಪ್ರತಿ ಸರದಿಗೂ ಬರಾಸಾನ ತೂಬನ್ನು ಮುಚ್ಚುವವಳು ಹಿಲ್ಮಾ. ಅವನ ಕೈಯನ್ನು ತಾನು ನಂಬುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಅವನು ಕುರ್ಚಿಯ ಮೇಲೆ ಗಡಿಯಾರ ಹಿಡಿದುಕೊಂಡು ಕೂರುತ್ತಿದ್ದ, ಎಲ್ಲಿ ಹೊತ್ತಿಗೆ ಮುಂಚೆ ಮುಚ್ಚಿಬಿಡುತ್ತಾಳೋ ಎಂದು.

"ಇನ್ನೂ ಮೂರು ನಿಮಿಷ ಇದೆ ಸೆನೋರಾ."

"ನಿಮ್ಮ ಗಡಿಯಾರ ಹಿಂದಿದೆ."

"ನಿಮ್ಮ ಗಡಿಯಾರ ಡಕೋಟದ್ದು. ಅದು ಇಲ್ಲಿ ನಡೆಯಲ್ಲ."

ಕಾಲುವೆಯ ನೀರು ಬರುವ ಬೆಳಿಗ್ಗೆ ನನಗೆ ಈ ಜಗಳ ಕೇಳಿ ಎಚ್ಚರವಾಗುತ್ತಿತ್ತು.

ಮರುವರ್ಷದ ಆಗಸ್ಟ್‌ನಲ್ಲಿ ಆರ್ಡಿಸ್‌ಳ ಒತ್ತಾಯಕ್ಕೆ ಹಿಲ್ಮಾ ಡಕೋಟಕ್ಕೆ ಹೋದಳು. ಒಂದು ತಿಂಗಳು ಇದ್ದು ನೋಡುತ್ತೇನೆ, ಹಿಡಿಸಿದರೆ ಮನೆ ಮಾರಿ ಹೋಗುತ್ತೇನೆ ಎಂದು ಹೇಳಿದ್ದಳು. ಎರಡೇ ವಾರಕ್ಕೆ ವಾಪಸು ಬಂದಳು. ವಿಮಾನ ನಿಲ್ದಾಣದಿಂದ ಕರೆತಂದವಳು ನಾನೇ.

"ಏನಾಯ್ತು? ಜಗಳಾನಾ?"

"ಜಗಳ ಏನಿಲ್ಲ. ತುಂಬಾ ಚೆನ್ನಾಗಿ ನೋಡ್ಕೊಂಡ್ರು." ಈ ಮಾತನ್ನು ಅವಳು ದೂರಿನ ಹಾಗೆ ಹೇಳಿದಳು. "ದಿನಾ ಯಾರಾದ್ರೂ ಬರೋರು. ಎಲ್ರೂ ಎಲ್ಲಾ ಕೇಳೋರು. ರಾತ್ರಿ ನಿದ್ದೆ ಬಂತಾ, ಹೊಟ್ಟೆ ಸರಿಯಾಯ್ತಾ, ಮನೆ ಏನ್ ಮಾಡ್ತೀಯ. ಹಸಿರು ನೋಡಿ ನೋಡಿ ಕಣ್ಣು ಸೋತು ಹೋಯ್ತು. ಸೊಳ್ಳೆ ಬೇರೆ. ಮೂರನೇ ದಿನಕ್ಕೇ ಬೆರಳು ನೋಯೋಕೆ ಶುರು ಆಯ್ತು ಕಣೆ."

ಮನೆಯ ಮುಂದೆ ಕಾರಿನ ಬಾಗಿಲು ತೆರೆದಾಗ ಹೊರಗಿನ ಬಿಸಿ ಮುಖಕ್ಕೆ ಹೊಡೆಯಿತು. ಅವಳು ಕಣ್ಣು ಮುಚ್ಚಿ ಒಂದು ಕ್ಷಣ ಹಾಗೇ ನಿಂತಳು. ಸುಖವೋ ಸಂಕಟವೋ ನನಗೆ ತಿಳಿಯಲಿಲ್ಲ. ಆಮೇಲೆ ಬಟ್ಟೆಯ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹಿತ್ತಲಿಗೆ ನಡೆದಳು. ಅವಳಿಲ್ಲದಾಗ ಒಂದು ಸರದಿ ಬಂದು ಹೋಗಿತ್ತು. ಬರಾಸಾ ನನ್ನನ್ನು ಕರೆದು ಎರಡೂ ತೂಬುಗಳನ್ನು ನನ್ನಿಂದಲೇ ತಿರುಗಿಸಿ ಮುಚ್ಚಿಸಿದ್ದ. ತನ್ನ ಸರದಿಯನ್ನು ಸ್ವಲ್ಪ ಮುಂಚೆಯೇ ನಿಲ್ಲಿಸಿ ಉಳಿದದ್ದನ್ನು ಅವಳ ಕಡೆಗೆ ಬಿಡಿಸಿದ್ದ. ಚಕೋತದ ಬುಡ ಇನ್ನೂ ತೇವವಾಗಿತ್ತು.

ಹಿಲ್ಮಾ ಬಗ್ಗಿ ಮಣ್ಣನ್ನು ಹಿಡಿದು ಹಿಸುಕಿದಳು. "ಇಷ್ಟೊಂದು ಯಾಕೆ ಬಿಟ್ಟ?" ಎಂದಳು. "ಬೇರು ಕೊಳೀಲಿ ಅಂತಾನಾ?"

"ಹೋಗಿ ಅವನನ್ನೇ ಕೇಳು," ಎಂದೆ.

ಹೋಗಿ ಕೇಳಿದಳೋ ಏನೋ. ಗೋಡೆಯಾಚೆ ಇಬ್ಬರ ದನಿಯೂ ಸಂಜೆಯವರೆಗೆ ಕೇಳಿಸುತ್ತಿತ್ತು.

ಮನೆ ಮಾರುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆರ್ಡಿಸ್ ಈಗಲೂ ಭಾನುವಾರ ಫೋನು ಮಾಡುತ್ತಾಳೆ. ಕಳೆದ ವರ್ಷ ಮೇ ತಿಂಗಳು ಶುರುವಾಗುವ ಮುನ್ನ ಹಿಲ್ಮಾ ತನ್ನ ಹಿಂಬಾಗಿಲಿನ ಬೀಗದ ಕೈ ಒಂದನ್ನು ಮಾಡಿಸಿ ಬರಾಸಾನಿಗೆ ಕೊಟ್ಟಳು. ಇಂಥ ಊರಿನಲ್ಲಿ ಯಾರ ಹತ್ತಿರವಾದರೂ ಒಂದು ಇರಬೇಕು, ಪ್ರತಿ ಸಲ ಗಾಜು ಒಡೆಯಲು ಆಗುವುದಿಲ್ಲ ಎಂದಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಿಜವಾಗ್ಲೂ ಆ ಬಾಗಿಲಿಂದೇ ತಾನೇ?" ಎಂದು ಕೇಳಿದ. ಅವಳು ಅವನನ್ನು ಬಾಗಿಲ ತನಕ ಕರೆದುಕೊಂಡು ಹೋಗಿ ಬೀಗ ತೆಗೆಸಿ ತೋರಿಸಿದಳು.

ಬೀಗದ ಕೈ ಕೊಟ್ಟ ಮೇಲೆ ಒಂದು ವಾರ ಒಳಗಿನ ಚಿಲಕ ಹಾಕಿಕೊಂಡೇ ಮಲಗಿದೆ ಎಂದು ಅವಳೇ ನನಗೆ ಹೇಳಿದಳು. ಆಮೇಲೆ ಹಾಕುವುದನ್ನು ಬಿಟ್ಟಿದ್ದಾಳೋ ಇಲ್ಲವೋ, ಅದನ್ನು ಮಾತ್ರ ನನಗೂ ಹೇಳಿಲ್ಲ.